ನನ್ನ ಬಲಗೈಗೆ ಬಂದ ಕಾಯಿಲೆ

ನನಗೆ ಕಾಯಿಲೆ ಬಂದಿದೆ ಎಂಬ ಸುದ್ದಿ ನನ್ನನ್ನು ತಲುಪಿದ್ದು ಎಲ್ಲರಿಗಿಂತ ಕಡೆಗೆ. ಅಷ್ಟು ಹೊತ್ತಿಗೆ ಅಶೋಕಪುರಂನ ನಮ್ಮ ಬೀದಿಯವರೆಲ್ಲ ಬಂದು ನನ್ನನ್ನು ನೋಡಿಕೊಂಡು ಹೋಗಿದ್ದರು. ನಡುಮನೆಯಲ್ಲಿ ನಾಲ್ಕು ಡಜನ್ ಬಾಳೆಹಣ್ಣು ಸೇರಿತ್ತು. ಇಲವಾಲದಿಂದ ನನ್ನ ಭಾಮೈದ ಒಂದು ಸೀಸೆ ಎಣ್ಣೆ ಹಿಡಿದುಕೊಂಡು ಬಸ್ಸು ಹತ್ತಿ ಆಗಿತ್ತು. ನಾನು ಮಾತ್ರ ಏನೂ ಅರಿಯದೆ ಬಾಗಿಲ ಮುಂದೆ ಕುಳಿತು ಕಡಲೆಕಾಯಿ ಬಿಡಿಸುತ್ತಿದ್ದೆ. ಇಷ್ಟೊಂದು ಜನ ಒಂದೇ ವಾರದಲ್ಲಿ ಬಂದು "ಚೆನ್ನಾಗಿದ್ದೀರಾ ಮರಿಯಯ್ಯನೋರೇ?" ಎಂದು ನನ್ನ ಕೈಯನ್ನೇ ನೋಡುತ್ತ ಕೇಳುವುದನ್ನು ಕಂಡು, ವಯಸ್ಸಾದ ಮೇಲೆ ಮರ್ಯಾದೆ ಜಾಸ್ತಿಯಾಗುತ್ತದೆ ಎಂದು ಸಂತೋಷಪಟ್ಟುಕೊಂಡಿದ್ದೆ.

ಇದು ಹೇಗಾಯಿತು ಎಂದು ಹೇಳಬೇಕಾದರೆ ಮೊದಲು ತೆಳು ತಗಡಿನ ಸ್ವಭಾವ ಹೇಳಬೇಕು.

ನಾನು ನಲವತ್ತು ವರ್ಷ ಗ್ಯಾಸ್ ವೆಲ್ಡಿಂಗ್ ಮಾಡಿದವನು. ದಪ್ಪ ಕಬ್ಬಿಣ ಎಮ್ಮೆಯ ಹಾಗೆ. ಎಷ್ಟು ಉರಿ ಕೊಟ್ಟರೂ ಸುಮ್ಮನೆ ನಿಂತಿರುತ್ತದೆ. ತೆಳು ತಗಡು ಹೊಸ ಅಳಿಯನ ಹಾಗೆ. ಉರಿ ಒಂದು ಕ್ಷಣ ಹೆಚ್ಚು ನಿಂತರೆ ಮುನಿಸಿಕೊಂಡು ತೂತಾಗಿ ಹೋಗುತ್ತದೆ. ಅದಕ್ಕೇ ಉರಿ ಉಗುಳುವ ಟಾರ್ಚು ಹಿಡಿದ ಬಲಗೈ ಒಂದೇ ಕಡೆ ನಿಲ್ಲಬಾರದು. ಬಲದಿಂದ ಎಡಕ್ಕೆ ಹೋಗುತ್ತ ಹೋಗುತ್ತ ಸಣ್ಣ ಸಣ್ಣ ಸುತ್ತು ಹಾಕುತ್ತಿರಬೇಕು. ಒಂದೊಂದು ಸುತ್ತೂ ಹಿಂದಿನ ಸುತ್ತಿನ ಅರ್ಧದ ಮೇಲೆ ಬರಬೇಕು. ಕರಗಿದ ಕಬ್ಬಿಣದ ಹನಿ ಕರುವಿನ ಹಾಗೆ ಉರಿಯ ಹಿಂದೆಯೇ ಬರಬೇಕು. ಹನಿ ತೀರ ಥಳಥಳ ಎಂದು ಅಲುಗಿತೋ, ಉರಿಯನ್ನು ಚಿಟಿಕೆ ಹೊಡೆಯುವಷ್ಟು ಹೊತ್ತು ಮೇಲೆತ್ತಬೇಕು. ಎಡಗೈಯಲ್ಲಿ ಹಿಡಿದ, ಬೆಸುಗೆಗೆ ಕರಗಿ ಸೇರುವ ಕಬ್ಬಿಣದ ಕಡ್ಡಿಯನ್ನು ಮುಂದೆ ಮುಂದೆ ಒಯ್ಯುತ್ತ, ಹನಿಯಲ್ಲಿ ಅದ್ದಿ ಎತ್ತಿ ಅದ್ದಿ ಎತ್ತಿ ಮಾಡುತ್ತಿರಬೇಕು. ಬಾಯಲ್ಲಿ ಹೇಳಿದರೆ ಇಷ್ಟೇ. ಕೈಗೆ ಬರಲು ವರ್ಷಗಳು ಬೇಕು.

ಕಲಿಸಿದವರು ರೇವಣಸಿದ್ದ ಮೇಸ್ತ್ರಿ. ಅವರ ಪಾಠ ಊದುಬತ್ತಿಯಿಂದ ಶುರುವಾಗುತ್ತಿತ್ತು. ಮೈಸೂರಿನಲ್ಲಿ ಊದುಬತ್ತಿಗೇನು ಬರ? ಹಚ್ಚಿದ ಊದುಬತ್ತಿಯನ್ನು ಹಳೆಯ ಪೇಪರಿನ ಮೇಲೆ ಒಂದು ಕೂದಲೆಳೆ ಎತ್ತರದಲ್ಲಿ ಹಿಡಿದು ಸುತ್ತು ಹಾಕುತ್ತ ಹೋಗಬೇಕು. ಪೇಪರಿನ ಮೇಲೆ ಕಂದು ಬಣ್ಣದ ಉಂಗುರಗಳ ಸಾಲು ಮೂಡಬೇಕು, ಪೇಪರು ಮಾತ್ರ ತೂತಾಗಬಾರದು. ತೂತು ಬಿದ್ದ ದಿನ ಟಾರ್ಚು ಮುಟ್ಟುವ ಹಾಗಿಲ್ಲ. ನಾನು ಏಳು ತಿಂಗಳು ಪೇಪರು ಸುಟ್ಟೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದ ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದೂ ಆ ಪೇಪರುಗಳಲ್ಲೇ. ಹಾಗಾಗಿ ಆ ಕಾಲದ ಸುದ್ದಿಗಳೆಲ್ಲ ನನಗೆ ಅರ್ಧರ್ಧ ಮಾತ್ರ ಗೊತ್ತು, ಉಳಿದರ್ಧ ಸುಟ್ಟುಹೋಗಿದೆ.

ಕೆಲಸ ಬಿಟ್ಟು ಹನ್ನೊಂದು ವರ್ಷವಾಗಿತ್ತು. ಟಾರ್ಚನ್ನು ಒಂದು ಹಳೆಯ ಪಂಚೆಯಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟಿದ್ದೆ. ಹಾಗಿರುವಾಗ ಒಂದು ಬೆಳಿಗ್ಗೆ ಕುವೆಂಪುನಗರದ ಅಂಬುಜಮ್ಮ ನಮ್ಮ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದರು.

ಅಂಬುಜಮ್ಮ ನರ್ಸಾಗಿದ್ದವರು. ನಮ್ಮ ಕಡೆ ಹೆಂಗಸರು ಸ್ಕೂಟರ್ ಹಿಂದೆ ಕೂರಲೂ ನಾಚುತ್ತಿದ್ದ ಕಾಲದಲ್ಲಿ ಬಿಳಿ ಸೀರೆ ಉಟ್ಟು ಸ್ಕೂಟರ್ ಓಡಿಸಿದವರು. ನಮ್ಮ ಬೀದಿಯ ಎಷ್ಟೋ ಹೆರಿಗೆಗೆ ಆ ಸ್ಕೂಟರೇ ಮೊದಲು ಬಂದು ನಿಂತಿದೆ. ನನ್ನ ಮಗ ಲಿಂಗರಾಜು ಹುಟ್ಟಿದ ದಿನವೂ ಅಷ್ಟೇ. ಅದೇ ಸ್ಕೂಟರು ಈಗಲೂ. ಅವರು ಬಂದಾಗ ಎರಡೂ ಕಾಲನ್ನು ರೆಕ್ಕೆಯ ಹಾಗೆ ಹೊರಗೆ ಚಾಚಿಕೊಂಡಿದ್ದರು.

"ಯಾಕಮ್ಮ, ಕಾಲು ನೋವಾ?" ಎಂದೆ.

"ಕಾಲಲ್ಲ ಮರಿಯಯ್ಯನೋರೇ, ಕಾಲಿಡೋ ಜಾಗ. ಬ್ರೇಕ್ ಒತ್ತಕ್ಕೆ ಹೋದ್ರೆ ಕಾಲು ರೋಡಿಗೇ ಇಳೀತದೆ. ನೋಡಿ ಇಲ್ಲಿ."

ನೋಡಿದೆ. ಬ್ರೇಕಿನ ಪಕ್ಕ ಅಂಗೈಯಗಲದ ತೂತು. ಅದರಲ್ಲಿ ನಮ್ಮ ಬೀದಿ ಕಾಣುತ್ತಿತ್ತು.

"ನಾಲ್ಕು ಅಂಗಡಿ ತಿರುಗಿ ಬಂದೆ. ಎಲ್ರೂ ಒಂದೇ ಮಾತು. 'ತಗಡು ಹಪ್ಪಳ ಆಗೋಗಿದೆ ಅಮ್ಮ, ಕಿಡಿ ತಾಗಿದ್ರೆ ಉದುರೋಯ್ತದೆ, ಗುಜರಿಗೆ ಹಾಕ್ಬುಡಿ' ಅಂತ. ಈ ಬುಧವಾರ ಬಿಟ್ಟು ಮುಂದಿನ ಬುಧವಾರ ಗಾಡೀನ ಆರ್.ಟಿ.ಓ. ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸ್ಬೇಕು. ಪಾಸಾದ್ರೆ ಇನ್ನೈದು ವರ್ಷ. ಇಲ್ದಿದ್ರೆ ಗುಜರಿಯೇ ಗತಿ." ಆಮೇಲೆ ಬಗ್ಗಿ, ತೂತಿನ ಪಕ್ಕದಲ್ಲಿದ್ದ ಒಂದು ಹಳೆಯ ತೇಪೆಯನ್ನು ಬೆರಳಿನಿಂದ ತಟ್ಟಿದರು. "ಸುತ್ತ ಇರೋ ತಗಡೆಲ್ಲ ತುಕ್ಕು ತಿಂದ್ಕೊಂಡೋಗಿದೆ. ಮೂವತ್ತೈದು ವರ್ಷದ ಕೆಳಗೆ ನೀವು ಹಾಕಿದ ತೇಪೆ ಮಾತ್ರ ಕಲ್ಲಿನಂಗೆ ಕೂತಿದೆ."

ಆ ತೇಪೆ ನಾನು ಹಾಕಿದ್ದಲ್ಲ. ಮೇಸ್ತ್ರಿ ಹಾಕಿದ್ದು. ಗೇಟು, ಮಂಚ ಎಲ್ಲ ನನ್ನ ಕೈಗೆ ಕೊಟ್ಟ ಮೇಲೂ ತೆಳು ತಗಡನ್ನು ಅವರು ಕಡೆಗಾಲದವರೆಗೂ ಬಿಟ್ಟುಕೊಟ್ಟಿರಲಿಲ್ಲ. ಆ ದಿನ ನನ್ನ ಕೆಲಸ, ಸುತ್ತಲಿನ ಬಣ್ಣ ಸುಡದ ಹಾಗೆ ಒದ್ದೆ ಬಟ್ಟೆ ಒತ್ತಿ ಹಿಡಿಯುವುದು. "ಇಲ್ಲ ಅಮ್ಮ, ಅದು ಮೇಸ್ತ್ರಿದು" ಎನ್ನಬೇಕೆಂದೇ ಬಾಯಿ ತೆರೆದೆ. ಬಾಯಿಂದ ಬಂದದ್ದು ಬೇರೆ.

"ಹೂಂ. ಆವತ್ತು ಚೆನ್ನಾಗಿ ಕೂತ್ಕೊಂತು."

"ಹಂಗಾದ್ರೆ ಇದನ್ನೂ ಹಾಕ್ಕೊಡ್ತೀರಾ?"

"ಅದೆಷ್ಟರ ಕೆಲ್ಸ ಬುಡಿ. ಬಿಟ್ಟೋಗಿ."

ಸ್ಕೂಟರು ನಮ್ಮ ಕಾಂಪೌಂಡಿನಲ್ಲಿ ನಿಂತಿತು. ಅಂಬುಜಮ್ಮ ಆಟೋ ಹತ್ತಿ ಹೋದರು.

ಭಾನುವಾರ ಯಾರಿಗೂ ಹೇಳದೆ ಟಾರ್ಚನ್ನು ಕೈಚೀಲದಲ್ಲಿ ಹಾಕಿಕೊಂಡು ಸಿದ್ದುವಿನ ಅಂಗಡಿಗೆ ಹೋದೆ. ಸಿದ್ದು ಒಂದು ಕಾಲದಲ್ಲಿ ನನ್ನ ಜೊತೆ ಕೆಲಸ ಮಾಡಿದವನು. ಈಗ ಅವನದೇ ಅಂಗಡಿ. ಅವನ ಕೆಲಸವೆಲ್ಲ ಕರೆಂಟಿನ ಮೆಷಿನ್ನಿನಲ್ಲೇ ಆದರೂ ಮೂಲೆಯಲ್ಲಿ ಹಳೆಯ ಗ್ಯಾಸ್ ಸೆಟ್ಟು ಇತ್ತು. ಒಂದು ಹಳೆಯ ಮಡ್‌ಗಾರ್ಡ್ ತೆಗೆದುಕೊಂಡು ಕೈ ನೋಡೋಣವೆಂದು ಕುಳಿತೆ. ಅರ್ಧ ಗಂಟೆಯಲ್ಲಿ ಒಂಬತ್ತು ತೂತು ಬಿದ್ದವು.

ಸಿದ್ದು ಅದನ್ನೆತ್ತಿ ಬೆಳಕಿಗೆ ಹಿಡಿದ. "ಅಣ್ಣ, ಇದು ಜರಡಿ ಆಯ್ತಲ್ಲ."

"ಕಣ್ಣಿಗೆ ಧೂಳು ಬಿತ್ತು ಕಣೋ."

"ಕಪ್ಪು ಕನ್ನಡಕ ಹಾಕಿದ್ರಲ್ಲಣ್ಣ."

"ಕನ್ನಡಕದೊಳಗಿನ ಧೂಳು."

ನಲವತ್ತು ವರ್ಷ ಕೆಲಸ ಮಾಡಿದವನು ಹೊಸದಾಗಿ ಸೇರಿದವನ ಹಾಗೆ ಕಲಿಯಲು ಕೂತಿದ್ದಾನೆಂದು ಅಂಬುಜಮ್ಮನ ಕಿವಿಗೆ ಬಿದ್ದರೆ ನನ್ನ ಗತಿ ಏನು? ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದು ಸಿದ್ದುವಿನಿಂದ ಭಾಷೆ ತೆಗೆದುಕೊಂಡು ಮನೆಗೆ ಬಂದೆ. ಉಳಿದಿದ್ದು ಒಂದೇ ದಾರಿ. ಊದುಬತ್ತಿ.

ಊದುಬತ್ತಿ ಇರುವುದು ದೇವರ ಗೂಡಿನಲ್ಲಿ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಒಂದು ಹಚ್ಚಿಕೊಂಡು, ದೇವರ ಗೂಡಿನ ಮುಂದಿನ ಮಣೆಯ ಮೇಲೆ ಪೇಪರು ಹಾಸಿ, ಬಗ್ಗಿ, ಉಸಿರು ಬಿಗಿಹಿಡಿದು ಸುತ್ತು ಹಾಕತೊಡಗಿದೆ. ಹಿಂದೆ ಏನೋ ಬಿದ್ದ ಸದ್ದಾಯಿತು. ನನ್ನ ಹೆಂಡತಿ ಬೆಟ್ಟಮ್ಮನ ಕೈಯಲ್ಲಿದ್ದ ಚೊಂಬು.

ಅವಳು ಗಾಬರಿಯಾದದ್ದರಲ್ಲಿ ತಪ್ಪಿಲ್ಲ. ಮದುವೆಯಾಗಿ ನಲವತ್ತಾರು ವರ್ಷದಲ್ಲಿ ನಾನು ದೇವರ ಗೂಡಿನ ಮುಂದೆ ನಿಂತಿದ್ದು ಎರಡೇ ಸಲ. ಎರಡು ಸಲವೂ ಬಲ್ಬು ಬದಲಾಯಿಸಲು.

"ಏನ್ರೀ ಇದು?"

"ಏನಿಲ್ಲ, ಸುಮ್ನಿರು."

ಅವಳು ಸುಮ್ಮನಿರಲಿಲ್ಲ. ನೇರವಾಗಿ ಪಕ್ಕದ ಮನೆಯ ಕಾಂಪೌಂಡಿಗೆ ಹೋದಳು. ಪಕ್ಕದ ಮನೆಯಲ್ಲಿ ಪ್ರೇಮಲೀಲಾ ಟೀಚರ್ ಇದ್ದಾರೆ. ರಿಟೈರಾದ ಮೇಲೆ ಫೋನಿನಲ್ಲಿ ಕಾಯಿಲೆಗಳ ಬಗ್ಗೆ ಓದುವುದೇ ಅವರ ಕೆಲಸ. ನಮ್ಮ ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ಮೂರು ಕಾಯಿಲೆಯ ಹೆಸರು ಹೇಳಿ, ಬೇಕಾದ್ದು ಆರಿಸಿಕೊಳ್ಳಿ ಎನ್ನುವ ಹಾಗೆ ನೋಡುತ್ತಾರೆ.

ಆ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ನನಗೆ ತಿಳಿಯದೆಯೇ ಬಲಗೈ ಸಾರಿನಲ್ಲಿ ಸಣ್ಣ ಸುತ್ತು ಹಾಕುತ್ತ ಮುದ್ದೆಯ ಸುತ್ತ ಬಲದಿಂದ ಎಡಕ್ಕೆ ಹೊರಟಿತ್ತಂತೆ. ಎಡಗೈ ಹುರುಳಿಕಾಯಿಯನ್ನು ಸಾರಿಗೆ ಅದ್ದಿ ಎತ್ತಿ, ಅದ್ದಿ ಎತ್ತಿ ಮಾಡುತ್ತಿತ್ತಂತೆ. ಸೊಸೆ ಸುಷ್ಮಾ ನೋಡಿದಳು. ಅವಳು ಮೊದಲೇ ಮೃದು. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಸಾರಿಗೆ ಖಾರ ಹೆಚ್ಚಾಗಿದೆ ಎಂದುಕೊಂಡೆ.

ಸಂಜೆ ಕಾಂಪೌಂಡಿನ ಆಚೆ ಈಚೆ ನಿಂತು ಅವರು ಸಭೆ ನಡೆಸಿದ್ದು ನನಗೆ ಆಮೇಲೆ ಗೊತ್ತಾಯಿತು.

"ಕೈ ನಡುಗ್ತಿದೆ. ಇದ್ದಕ್ಕಿದ್ದಂಗೆ ದೇವರು ನೆನಪಾಗಿದೆ. ಮಾತು ಕಮ್ಮಿ ಆಗಿದೆ. ಮೂರೂ ಸೇರಿದ್ರೆ ಅದು ನರದ್ದೇ ಬೆಟ್ಟಮ್ಮ" ಎಂದರಂತೆ ಪ್ರೇಮಲೀಲಾ ಟೀಚರ್.

"ಮಾತು ಮದುವೆ ಆದಾಗಿಂದ್ಲೂ ಕಮ್ಮೀನೇ ಕಣಮ್ಮ."

"ನೋಡಿ ಮತ್ತೆ! ಆವಾಗ್ಲೇ ಶುರುವಾಗಿದೆ. ನಿಮಗೆ ಗೊತ್ತಾಗಿಲ್ಲ."

"ಕೇಳಿದ್ರೆ ಏನಿಲ್ಲ ಅಂತಾರೆ."

"ಅವರಿಗೆ ಒಳಗೊಳಗೇ ಗೊತ್ತಾಗಿದೆ. ನಿಮಗೆ ನೋವಾಗುತ್ತೆ ಅಂತ ಹೇಳ್ತಿಲ್ಲ. ದೇವರ ಹತ್ರ ಮಾತ್ರ ಹೇಳ್ಕೊತಿದ್ದಾರೆ. ಒಳ್ಳೇ ಮನುಷ್ಯ ಪಾಪ, ಇದ್ದಾಗ ನಮಗೆ ಬೆಲೆ ಗೊತ್ತಾಗ್ಲಿಲ್ಲ."

ಅಲ್ಲಿಂದ ಮೂರು ದಿನದಲ್ಲಿ ಬಾಳೆಹಣ್ಣಿನ ಮಳೆ. ಬಂದವರೆಲ್ಲ ನನ್ನ ಹಳೆಯ ಕೆಲಸ ಹೊಗಳುವವರೇ. "ನೀವು ಮಾಡಿಕೊಟ್ಟ ಗೇಟು ಇವತ್ತಿಗೂ ಕಿರ್ ಅನ್ನಲ್ಲ" ಎನ್ನುವರು. ಹೇಳುತ್ತ ಹೇಳುತ್ತ ಕಣ್ಣು ಮೂಗು ಒರೆಸಿಕೊಳ್ಳುವರು. ಗೇಟು ನೆನೆದು ಅಳುವವರನ್ನು ನಾನು ಕಂಡದ್ದು ಅದೇ ಮೊದಲು.

ಗುರುವಾರ ಬಂದ ನನ್ನ ಭಾಮೈದ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಮಾತಿಲ್ಲದೆ ನನ್ನ ಬಲಗೈಯನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳ್ಳುಳ್ಳಿ ಎಣ್ಣೆ ಸುರಿದು ಬಟ್ಟೆ ಹಿಂಡಿದ ಹಾಗೆ ಹಿಂಡಿದ.

"ನೋವಾಯ್ತದಾ ಭಾವ?"

"ಆಯ್ತದೆ ಕಣೋ! ಬುಡೋ!"

"ಅಕ್ಕೋ, ನೋವೈತಂತೆ! ನರ ಇನ್ನೂ ಪೂರ್ತಿ ಸತ್ತಿಲ್ಲ!"

"ಯಾವ ನರಾನೋ?"

ಆಗ ನನಗೆ ನನ್ನ ಕಾಯಿಲೆಯ ವಿಷಯ ತಿಳಿಯಿತು. "ನಂಗೇನೂ ಆಗಿಲ್ಲ" ಎಂದೆ. ಮನೆಯಲ್ಲಿದ್ದವರೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡು ತಲೆಯಾಡಿಸಿದರು. ಏನೂ ಆಗಿಲ್ಲ ಎನ್ನುವುದೂ ಆ ಕಾಯಿಲೆಯ ಒಂದು ಲಕ್ಷಣವೆಂದು ಪ್ರೇಮಲೀಲಾ ಟೀಚರ್ ಮೊದಲೇ ಹೇಳಿದ್ದರು. ಹಾಗಾದರೆ ಕೈ ಯಾಕೆ ಸುತ್ತುತ್ತದೆ ಎಂದರೆ ಹೇಳಲು ನನಗೂ ನಾಚಿಕೆ. ಸುಮ್ಮನಾದೆ. ಸುಮ್ಮನಾದದ್ದನ್ನೂ ಲಕ್ಷಣಗಳ ಲೆಕ್ಕಕ್ಕೆ ಸೇರಿಸಿದರು.

ಶುಕ್ರವಾರ ಮಂಚದ ಕೆಳಗೆ ಕೈ ಹಾಕಿದರೆ ಟಾರ್ಚು ಇಲ್ಲ! ನಡುಗುವ ಕೈಗೆ ಬೆಂಕಿ ಸಿಗಬಾರದೆಂದು ಬೆಟ್ಟಮ್ಮ ಎಲ್ಲೋ ಅಡಗಿಸಿದ್ದಳು. ಕೇಳಿದರೆ ಬಾಯಿ ಬಿಡಲೊಲ್ಲಳು. ಆ ಹೊತ್ತಿಗೆ ನನ್ನ ಪೇಪರು ಒಂದೂ ತೂತಾಗುತ್ತಿರಲಿಲ್ಲ. ಕೈ ಬಂದಿತ್ತು, ಟಾರ್ಚು ಹೋಗಿತ್ತು.

ಸೋಮವಾರ ಬೆಳಿಗ್ಗೆ ಅಂಬುಜಮ್ಮನೇ ಬಂದರು. ಪ್ರೇಮಲೀಲಾ ಟೀಚರ್ ಫೋನ್ ಮಾಡಿದ್ದರಂತೆ. ಸ್ಕೂಟರಿನ ಕಡೆ ತಿರುಗಿಯೂ ನೋಡಲಿಲ್ಲ.

"ಕೈ ಹಿಂಗಿದ್ರೆ ಒಂದು ಮಾತು ಹೇಳಬಾರದಿತ್ತಾ ಮರಿಯಯ್ಯನೋರೇ? ನಾನು ಬೇರೆ ಕೆಲಸ ತಂದು ತಲೆ ಮೇಲೆ ಹಾಕ್ದೆ. ಸ್ಕೂಟರ್ ಹೋದ್ರೆ ಹೋಗ್ಲಿ. ಗುಜರಿಯೋನಿಗೆ ಬುಧವಾರ ಬಾ ಅಂದಿದ್ದೀನಿ. ಈಗ ಹೊರಡಿ, ನಂಗೆ ಗೊತ್ತಿರೋ ಡಾಕ್ಟರ್ ಇದ್ದಾರೆ."

ಗುಜರಿ ಎಂಬ ಮಾತು ಕೇಳಿ ನನಗೆ ನಿಜವಾಗಿಯೂ ಕೈ ನಡುಗಿತು. ಎಲ್ಲರೂ ನೋಡಿದರು.

ಎರಡು ಆಟೋದಲ್ಲಿ ಕುವೆಂಪುನಗರಕ್ಕೆ ಹೊರಟೆವು. ನಾನು, ಬೆಟ್ಟಮ್ಮ, ಸುಷ್ಮಾ, ಅಂಬುಜಮ್ಮ, ಪ್ರೇಮಲೀಲಾ ಟೀಚರ್, ಎಣ್ಣೆಯ ಸೀಸೆ ಸಮೇತ ನನ್ನ ಭಾಮೈದ. ಡಾಕ್ಟರ್ ಸಿಂಚನ ಚಿಕ್ಕ ವಯಸ್ಸಿನ ಹುಡುಗಿ. ಇಷ್ಟು ಜನ ಒಟ್ಟಿಗೆ ನುಗ್ಗಿದ್ದು ಕಂಡು "ಪೇಷೆಂಟ್ ಯಾರು?" ಎಂದಳು. ಐದು ಕೈಗಳು ನನ್ನ ಕಡೆ ಚಾಚಿದವು.

ಅವಳು ನನ್ನ ಕೈ ಮಡಿಸಿ, ಬಿಡಿಸಿ, ಮುಂದೆ ಚಾಚಿಸಿ ನೋಡಿದಳು. ಆಮೇಲೆ ಒಂದು ಬಿಳಿ ಹಾಳೆ, ಪೆನ್ನು ಕೊಟ್ಟಳು. "ತಾತ, ಇದರ ಮೇಲೆ ಒಂದು ಸುತ್ತು ಬರೀರಿ. ಸುತ್ತಿಕೊಂಡು ಸುತ್ತಿಕೊಂಡು ಹೋಗ್ಬೇಕು. ಕೈ ನಡುಗುತ್ತಾ ನೋಡೋಣ."

ಸುತ್ತು ಎಂದದ್ದೇ ತಡ, ನನ್ನ ಕೈಗೆ ಜೀವ ಬಂತು.

"ಬಲದಿಂದ ಎಡಕ್ಕೆ ಅಲ್ವೇನಮ್ಮ?"

"ಹೇಗಾದ್ರೂ ಬರೀರಿ."

ಹಾಳೆಯ ಬಲತುದಿಯಲ್ಲಿ ಹಿಡಿದೆ. ಒಂದರ ಅರ್ಧದ ಮೇಲೆ ಇನ್ನೊಂದು, ಅದರರ್ಧದ ಮೇಲೆ ಮತ್ತೊಂದು. ನಿಲ್ಲಿಸದೆ ಎಡತುದಿಗೆ ಬಂದೆ. ಎಡಗೈ ತಾನಾಗಿ ಮೇಜಿನ ಮೇಲೆ ಟಕ್, ಟಕ್ ಎಂದು ಕಡ್ಡಿ ಅದ್ದುತ್ತಿತ್ತು. ಹಾಳೆ ಎತ್ತಿ ನೋಡಿದ ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಇನ್ನೊಮ್ಮೆ ನೋಡಿದಳು. ಸರ ಪೋಣಿಸಿದ ಹಾಗಿತ್ತು. ಅವಳೂ ಕೆಳಗೆ ಒಂದು ಸಾಲು ಬರೆಯಲು ನೋಡಿದಳು. ಅದು ಜಿಲೇಬಿಯಾಯಿತು.

"ಕಾಯಿಲೆ ಇರೋ ಕೈಗೆ ಇದು ಬರಲ್ಲ. ಕಾಯಿಲೆ ಇಲ್ಲದ ನನ್ನ ಕೈಗೇ ಬರ್ತಿಲ್ಲ. ಏನು ತಾತ ಇದು?"

ಬೆಟ್ಟಮ್ಮ ನನ್ನನ್ನೇ ನೋಡುತ್ತಿದ್ದಳು. ಅಂಬುಜಮ್ಮನೂ. ಆರು ಜನರ ಮುಂದೆ ಬಾಯಿ ಬಿಡುವುದಕ್ಕಿಂತ ಕಾಯಿಲೆಯೇ ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು. ಆದರೆ ಬುಧವಾರ ಗುಜರಿಯವನು ಬರುತ್ತಾನೆ.

"ಅಭ್ಯಾಸ ಮಾಡ್ತಿದ್ದೆ ಕಣಮ್ಮ. ಕೈ ಮರೆತೋಗಿತ್ತು. ಸಿದ್ದು ಅಂಗಡೀಲಿ ಒಂಬತ್ತು ತೂತು ಬಿತ್ತು. ಹೇಳಕ್ಕೆ ನಾಚಿಕೆ ಆಯ್ತು."

"ದೇವರಿಗೆ ಊದುಬತ್ತಿ ಬೆಳಗಿದ್ದು?" ಎಂದಳು ಬೆಟ್ಟಮ್ಮ.

"ದೇವರಿಗಲ್ಲ. ತಗಡಿಗೆ."

ಬೆಟ್ಟಮ್ಮ ನನ್ನನ್ನು ಬಯ್ದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಬಯ್ಯುತ್ತ ಬಯ್ಯುತ್ತ ಅಳುತ್ತಿದ್ದಳು, ಅಳುತ್ತ ಅಳುತ್ತ ನಗುತ್ತಿದ್ದಳು. ಪ್ರೇಮಲೀಲಾ ಟೀಚರ್ ಮಾತ್ರ ಸೋಲೊಪ್ಪಲಿಲ್ಲ. "ಆದ್ರೂ ಒಂದು ಸ್ಕ್ಯಾನ್ ಮಾಡಿಸಿಬಿಡೋದು ಒಳ್ಳೇದಿತ್ತು" ಎಂದರು.

ಅಂಬುಜಮ್ಮ ಎದ್ದು ನಿಂತರು. "ಅಭ್ಯಾಸ ಮುಗೀತಾ, ಇನ್ನೂ ಇದೆಯಾ?"

"ನಾಳೆ ಹಾಕ್ತೀನಿ ಅಮ್ಮ."

ಮನೆಗೆ ಬಂದು ಬೆಟ್ಟಮ್ಮ ರಾಗಿ ಹಿಟ್ಟಿನ ಡ್ರಮ್ಮಿಗೆ ಮೊಳಕೈವರೆಗೆ ಕೈ ಇಳಿಸಿ ಟಾರ್ಚನ್ನು ಹೊರಗೆ ತೆಗೆದಳು. ಮೇಲೆ ಸುತ್ತಿದ್ದ ಪಂಚೆ ಬಿಚ್ಚಿಹೋಗಿತ್ತು. ಬೂದಿ ಬಳಿದುಕೊಂಡ ಸನ್ಯಾಸಿಯ ಹಾಗಿತ್ತು ಅದು. ಊದಿ, ಒರೆಸಿ, ಮೂತಿಯ ತೂತಿಗೆ ಸಣ್ಣ ತಂತಿ ಆಡಿಸಿ ಸರಿ ಮಾಡಲು ನನಗೆ ಒಂದು ಸಂಜೆ ಪೂರ್ತಿ ಹಿಡಿಯಿತು.

ಮಂಗಳವಾರ ಸಿದ್ದುವಿನ ಅಂಗಡಿಯ ಮುಂದೆ ಜನವೋ ಜನ. ಬಾಳೆಹಣ್ಣು ಕೊಟ್ಟವರೆಲ್ಲ ಬಂದಿದ್ದರು. ನಾವು ಪೆಟ್ರೋಲ್ ಟ್ಯಾಂಕು ಬಿಚ್ಚಿ ದೂರ ಇಟ್ಟು, ತೂತಿನ ಅಂಚಿನ ತುಕ್ಕನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹಾಕಿ, ಮಡ್‌ಗಾರ್ಡಿನಲ್ಲಿ ತೂತಿಲ್ಲದೆ ಉಳಿದಿದ್ದ ಒಂದೇ ತುಂಡನ್ನು ಅಳತೆಗೆ ಕೂರಿಸಿದೆವು. ಒದ್ದೆ ಬಟ್ಟೆ ಹಿಡಿಯಲು ಭಾಮೈದನನ್ನು ಕೂರಿಸಿದೆ. ಹಿಂಡುವುದರಲ್ಲಿ ಅವನ ಕೈ ಒಳ್ಳೆಯದು.

ಟಾರ್ಚು ಹಚ್ಚಿದೆ. ಮೊದಲು ಎರಡು ಸಲ ಪಟ್ ಪಟ್ ಎಂದಿತು. ಹುರಿದ ರಾಗಿಯ ವಾಸನೆ ಬೀದಿಯೆಲ್ಲ ಹರಡಿತು. "ಯಾರ ಮನೇಲೋ ಹುರಿಹಿಟ್ಟು ಮಾಡ್ತಾವ್ರೆ" ಎಂದರು ಯಾರೋ. ಆಮೇಲೆ ಉರಿ ಚೂಪಾಗಿ, ನಡುವಿನ ಬಿಳಿ ಮೊನೆ ಅಕ್ಕಿ ಕಾಳಿನ ಹಾಗೆ ನಿಂತಿತು.

ಮೂಲೆಗೊಂದು, ನಡುವಿಗೊಂದು ಚುಕ್ಕಿ ಬೆಸುಗೆ ಹಾಕಿ ತುಂಡನ್ನು ನಿಲ್ಲಿಸಿದೆ. ಬಲತುದಿಯಿಂದ ಹೊರಟೆ. ತಗಡು ಕೆಂಪಾಯಿತು, ಒದ್ದೆಯಾಯಿತು, ಹನಿಯಾಯಿತು. ಸುತ್ತು, ಸುತ್ತು, ಕಡ್ಡಿ. ಸುತ್ತು, ಸುತ್ತು, ಕಡ್ಡಿ. ಜನರ ಸದ್ದು ಎಲ್ಲಿ ಹೋಯಿತೋ. ನನಗೆ ಮೇಸ್ತ್ರಿಯ ಬೀಡಿಯ ವಾಸನೆ ಬಂತು, ಅವರ ಗೋಣಿಚೀಲದ ಆಸನ ಕಂಡಿತು, ಮಧ್ಯಾಹ್ನದ ಹೊತ್ತು ಅವರ ರೇಡಿಯೋ ಗೊರಗೊರ ಎನ್ನುವುದು ಕೇಳಿಸಿತು. ಹಳೆಯ ತೇಪೆಯ ಹತ್ತಿರ ಬಂದಾಗ ಹನಿ ಥಳಥಳ ಎಂದು ಕೆಳಗೆ ಜಗ್ಗಿತು. ಈಗ ಬಿದ್ದರೆ ತೂತು. "ಎತ್ತೋ" ಎಂದರು ಮೇಸ್ತ್ರಿ, ಯಾವತ್ತೂ ಅನ್ನುತ್ತಿದ್ದ ಹಾಗೆ. ಎತ್ತಿದೆ. ಹನಿ ಅಲ್ಲೇ ನಿಂತು, ಯೋಚಿಸಿ, ಗಟ್ಟಿಯಾಯಿತು.

ಉರಿ ಆರಿಸಿದಾಗ ಸಿದ್ದು ತಗಡಿನ ಕೆಳಗೆ ದೀಪ ಹಿಡಿದು ನೋಡಿದ. ಮೇಲೆ ಒಂದು ಚುಕ್ಕೆ ಬೆಳಕೂ ಬರಲಿಲ್ಲ. "ಧೂಳಿಲ್ಲ ಅಣ್ಣ ಇವತ್ತು" ಎಂದ.

ಬುಧವಾರ ಅಂಬುಜಮ್ಮನ ಸ್ಕೂಟರಿನ ಹಿಂದೆ ಕುಳಿತು ಗಾಡಿ ಪರೀಕ್ಷೆಯ ಮೈದಾನಕ್ಕೆ ನಾನೂ ಹೋದೆ. ಇನ್ಸ್‌ಪೆಕ್ಟರು ಮಾತು ಕಡಿಮೆಯ ಮನುಷ್ಯ. ಬಗ್ಗಿ ಬೆರಳಿನಿಂದ ತಟ್ಟಿದರು. ಬೂಟುಗಾಲು ಇಟ್ಟು ಎರಡು ಸಲ ಧಡ್ ಧಡ್ ಎಂದು ತುಳಿದರು. ಎರಡು ಸಲವೂ ನನ್ನ ಎದೆಯ ಮೇಲೆ ತುಳಿದ ಹಾಗಾಯಿತು.

"ಗಟ್ಟಿಯಾಗಿದೆ. ಇಲ್ಲಿ ಎರಡು ತೇಪೆ ಇದೆಯಲ್ಲ, ಹೊಸದು ಯಾವುದು?"

ಅಂಬುಜಮ್ಮ ಬಗ್ಗಿ ನೋಡಿದರು. ಬಣ್ಣ ಬಳಿದ ಮೇಲೆ ಎರಡರ ಅಂಚೂ ಒಂದೇ ಹಾಗೆ, ಸರ ಪೋಣಿಸಿದ ಹಾಗಿತ್ತು. "ನಂಗೂ ಗೊತ್ತಾಗ್ತಿಲ್ಲ ಸಾರ್. ಎರಡೂ ಇವರದೇ."

ನನಗೆ ಇನ್ನು ತಡೆಯಲಾಗಲಿಲ್ಲ.

"ಅಲ್ಲ ಅಮ್ಮ. ಬಲಗಡೆದು ನನ್ನದು. ಎಡಗಡೆದು ಮೇಸ್ತ್ರಿದು. ಆವತ್ತು ನಾನು ಸುಳ್ಳು ಹೇಳ್ದೆ."

"ಗೊತ್ತು" ಎಂದರು ಅಂಬುಜಮ್ಮ, ಹೆಲ್ಮೆಟ್ ಹಾಕಿಕೊಳ್ಳುತ್ತ.

"ಗೊತ್ತಾ?"

"ಒದ್ದೆ ಬಟ್ಟೆ ಹಿಡ್ಕೊಂಡು ನನ್ನ ಬಿಳಿ ಸೀರೆ ಮೇಲೆ ಒಂದು ಚೊಂಬು ಮಸಿನೀರು ಹಿಂಡಿದ್ದು ಯಾರು? ಆ ಕಲೆ ಹೋಗ್ಲೇ ಇಲ್ಲ ಕಣ್ರೀ. ಹೆಂಗೆ ಮರೀಲಿ? ನಿಮ್ಮದೇ ತೇಪೆ ಅಂದ್ರೆ ನೀವು ಒಲ್ಲೆ ಅನ್ನಲ್ಲ ಅಂತ ಹಂಗಂದೆ."

"ಮತ್ತೆ ನನ್ನ ಹತ್ರ ಯಾಕೆ ತಂದ್ರಿ?"

"ಮೇಸ್ತ್ರಿ ಆವತ್ತೇ ಹೇಳಿದ್ರು. 'ಅಮ್ಮ, ಈ ತೇಪೆ ಇರ್ತದೆ, ಸುತ್ತ ಇರೋ ತಗಡು ಹೋಯ್ತದೆ. ಆವಾಗ ನಾನಿರಲ್ಲ. ಇವನ ಹತ್ರ ತನ್ನಿ, ಹಾಕ್ತಾನೆ. ಒದ್ದೆ ಬಟ್ಟೆ ಮಾತ್ರ ಇವನ ಕೈಗೆ ಕೊಡಬೇಡಿ' ಅಂತ."

ಅಲ್ಲಿದ್ದ ಕಲ್ಲಿನ ಮೇಲೆ ಕುಳಿತೆ. ಅಂಬುಜಮ್ಮ ಎರಡೂ ಕಾಲನ್ನು ಒಳಗಿಟ್ಟು, ಮೈದಾನವನ್ನು ಒಂದು ದೊಡ್ಡ ಸುತ್ತು ಹಾಕಿ ಬಂದರು. ಇನ್ಸ್‌ಪೆಕ್ಟರು ಕಾಗದಕ್ಕೆ ರುಜು ಹಾಕಿ, ಹೊರಡುವಾಗ ನನ್ನ ಮುಂದೆ ನಿಂತರು. ನನ್ನ ಬಲಗೈ ಮಂಡಿಯ ಮೇಲೆ ಸಣ್ಣ ಸುತ್ತು ಹಾಕುತ್ತಿತ್ತು.

"ಯಜಮಾನ್ರೇ," ಎಂದರು ಮೆಲ್ಲಗೆ, "ಕೈ ನಡುಗ್ತಿದೆಯಲ್ಲ. ಮನೆಯವರಿಗೆ ಹೇಳಿ, ಒಂದ್ಸಲ ಡಾಕ್ಟರಿಗೆ ತೋರಿಸ್ಕೊಳ್ಳಿ."